ಗೇರ್ ಬೀಳುತ್ತಿಲ್ಲವೇ? ಗೇರ್ ಬಾಕ್ಸ್ ಬಿಚ್ಚುವ ಮೊದಲು ಕ್ಲಚ್ ನೋಡಿ

ಕರಾವಳಿಯಲ್ಲಿ ಹಳೆ ಕಾರು ಸಾಕುವವರ ವರ್ಷದಲ್ಲಿ ನಾಲ್ಕು ತಿಂಗಳು ಲೆಕ್ಕಕ್ಕಿಲ್ಲ. ಜೂನ್‌ನಲ್ಲಿ ಶೆಡ್ಡಿಗೆ ಹೋದ ಗಾಡಿ ಟಾರ್ಪಾಲು ಹೊದ್ದು ಮಲಗಿದರೆ ಏಳುವುದು ನವರಾತ್ರಿಗೆ. ಆಯುಧಪೂಜೆಗೆ ತೊಳೆದು ಹೂ ಮುಡಿಸಿ ಒಂದು ಸುತ್ತು ಹೋಗಿ ಬರೋಣ ಎಂದು ಕೂತರೆ ಇಂಜಿನ್ ಸ್ಟಾರ್ಟ್ ಆಗುತ್ತದೆ, ಗೇರ್ ಮಾತ್ರ ಬೀಳುವುದಿಲ್ಲ. ಬಲವಂತ ಮಾಡಿದರೆ ಕಿರ್ರ್ ಎಂಬ ಸದ್ದು. ಸುತ್ತ ನಿಂತವರಲ್ಲಿ ಒಬ್ಬರಾದರೂ ತೀರ್ಪು ಕೊಟ್ಟೇ ಕೊಡುತ್ತಾರೆ: "ಗೇರ್ ಬಾಕ್ಸ್ ಹೋಗಿದೆ ಮಾರಾಯ್ರೆ."

ಬಹಳಷ್ಟು ಸಲ ಗೇರ್ ಬಾಕ್ಸ್ ಹೋಗಿರುವುದಿಲ್ಲ. ತಪ್ಪು ಕ್ಲಚ್ಚಿನಲ್ಲಿರುತ್ತದೆ. ಅದರಲ್ಲೂ ಕ್ಲಚ್ಚನ್ನು ಒತ್ತುವ ಪೆಡಲು, ಪಿನ್ನು, ಪೈಪುಗಳಲ್ಲಿ, ಅಂದರೆ ಏನನ್ನೂ ಇಳಿಸದೆ ಕೈಗೆ ಸಿಗುವ ಜಾಗದಲ್ಲಿರುತ್ತದೆ. ಇದನ್ನು ಮೊದಲೇ ತಿಳಿದುಕೊಂಡರೆ ಉಳಿಯುವ ಹಣ ಸಣ್ಣದಲ್ಲ. ಉದಾಹರಣೆಗೆ ಬ್ರಿಟನ್ನಿನಲ್ಲಿ 1962ರಿಂದ 1980ರವರೆಗೆ 5 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಎಂಜಿಬಿ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರಿನಲ್ಲಿ ಕ್ಲಚ್ ಪ್ಲೇಟ್ ಬದಲಿಸಬೇಕಾದರೆ ಇಂಜಿನ್ನನ್ನೇ ಹೊರಗೆ ತೆಗೆಯಬೇಕು. ಅದೇ ಕಾಲದ ಟ್ರಯಂಫ್ ಸ್ಪಿಟ್‌ಫೈರ್‌ನಲ್ಲಿ ಗೇರ್ ಬಾಕ್ಸ್ ಕಾರಿನ ಒಳಗಿನಿಂದ, ಸೀಟುಗಳ ನಡುವಿನ ಮುಚ್ಚಳ ಬಿಚ್ಚಿದರೆ ಹೊರಬರುತ್ತದೆ. ಅದೂ ಒಂದು ಸಂಜೆಗೆ ಮುಗಿಯುವ ಕೆಲಸವಲ್ಲ. ನಮ್ಮಲ್ಲಿ ಹಿರಿಯರಿಗೆ ನೆನಪಿರುವ, ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಈ ಸ್ಪಿಟ್‌ಫೈರ್‌ನ ಹತ್ತಿರದ ಸಂಬಂಧಿ. ಹೆರಾಲ್ಡ್‌ನ ಚಾಸಿಯನ್ನೇ ಮೊಟಕು ಮಾಡಿ ಸ್ಪಿಟ್‌ಫೈರ್ ಕಟ್ಟಿದ್ದು. ಹಾಗಾಗಿ ಹೆರಾಲ್ಡ್ ಕೆಲಸ ಬಲ್ಲ ಹಳೆಯ ಮೆಕ್ಯಾನಿಕ್ ಸಿಕ್ಕರೆ ಸ್ಪಿಟ್‌ಫೈರ್ ಅವರಿಗೆ ಪೂರ್ತಿ ಅಪರಿಚಿತವಾಗಿರುವುದಿಲ್ಲ.

ಕ್ಲಚ್ ಅಂದರೆ ಏನು, ಯಾಕೆ ಬೇಕು

ಇಂಜಿನ್ ಸ್ಟಾರ್ಟ್ ಆದ ಮೇಲೆ ನಿಲ್ಲದೆ ತಿರುಗುತ್ತಲೇ ಇರಬೇಕು. ನಿಮಿಷಕ್ಕೆ 700–800 ಸುತ್ತಿಗಿಂತ ತೀರ ಕೆಳಗೆ ಹೋದರೆ ಅದು ಆರಿಹೋಗುತ್ತದೆ. ಚಕ್ರಗಳು ಹಾಗಲ್ಲ, ಅವು ನಿಂತೂ ಇರಬೇಕು, ನಿಧಾನವಾಗಿಯೂ ತಿರುಗಬೇಕು. ಒಂದು ತಿರುಗುತ್ತಿರುವಾಗ ಇನ್ನೊಂದು ನಿಂತಿರುವ ಈ ಎರಡನ್ನು ಸೇರಿಸುವ, ಬೇಕಾದಾಗ ಬಿಡಿಸುವ ಕೊಂಡಿಯೇ ಕ್ಲಚ್.

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಸ್ಟ್ಯಾಂಡಿನಿಂದ ಹೊರಡುವ ಸಿಟಿ ಬಸ್ಸಿನ ಕಂಡಕ್ಟರನ್ನು ಗಮನಿಸಿ. "ರೈಟ್ ಪೋಯಿ" ಎಂದು ಕೂಗಿದ ಮೇಲೂ ಅವರು ರಸ್ತೆಯಲ್ಲೇ ಇರುತ್ತಾರೆ. ಬಸ್ಸು ಚಲಿಸತೊಡಗಿದಾಗ ನಾಲ್ಕು ಹೆಜ್ಜೆ ಅದರ ಜೊತೆಗೇ ಓಡಿ, ತನ್ನ ವೇಗ ಬಸ್ಸಿನ ವೇಗಕ್ಕೆ ಸಮ ಆದ ಕ್ಷಣಕ್ಕೆ ಫುಟ್‌ಬೋರ್ಡಿಗೆ ಕಾಲಿಡುತ್ತಾರೆ. ನಿಂತಲ್ಲಿಂದಲೇ ಓಡುವ ಬಸ್ಸಿನ ಕಂಬಿ ಹಿಡಿದರೆ ಭುಜ ಕಿತ್ತು ಬಂದೀತು. ಕ್ಲಚ್ ಮಾಡುವುದು ಆ ನಾಲ್ಕು ಹೆಜ್ಜೆ ಓಟದ ಕೆಲಸ. ಗೇರ್ ಬಾಕ್ಸಿನೊಳಗೆ ಸಿಂಕ್ರೊ ಎಂಬ ಹಿತ್ತಾಳೆ ಬಳೆ ಮಾಡುವುದೂ ಅದನ್ನೇ, ಸಣ್ಣ ಪ್ರಮಾಣದಲ್ಲಿ.

ಭಾಗಗಳು ಹೆಚ್ಚಿಲ್ಲ. ಇಂಜಿನ್ನಿನ ಹಿಂಭಾಗಕ್ಕೆ ಫ್ಲೈವೀಲ್ ಎಂಬ ಭಾರದ ಕಬ್ಬಿಣದ ಚಕ್ರವಿದೆ. ಅದಕ್ಕೆ ಪ್ರೆಶರ್ ಪ್ಲೇಟ್ ಬೋಲ್ಟ್ ಆಗಿರುತ್ತದೆ. ಇವೆರಡರ ನಡುವೆ, ಎರಡೂ ಮುಖಕ್ಕೆ ಬ್ರೇಕ್ ಲೈನಿಂಗ್‌ನಂಥ ವಸ್ತು ಅಂಟಿಸಿದ ಕ್ಲಚ್ ಪ್ಲೇಟ್ ಕೂತಿರುತ್ತದೆ. ಈ ಪ್ಲೇಟಿನ ನಡುವಿನ ಹಲ್ಲುಗಳೊಳಗೆ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟ್ ಹೊಕ್ಕಿರುತ್ತದೆ. ಪೆಡಲ್ ಬಿಟ್ಟಿರುವಾಗ ಪ್ರೆಶರ್ ಪ್ಲೇಟಿನ ಸ್ಪ್ರಿಂಗು ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಅದುಮಿ ಹಿಡಿಯುತ್ತದೆ, ಮೂರೂ ಒಂದಾಗಿ ತಿರುಗುತ್ತವೆ. ಪೆಡಲ್ ಒತ್ತಿದಾಗ ರಿಲೀಸ್ ಬೇರಿಂಗ್ ಮುಂದೆ ಬಂದು ಆ ಸ್ಪ್ರಿಂಗನ್ನು ತಳ್ಳುತ್ತದೆ, ಹಿಡಿತ ಸಡಿಲವಾಗುತ್ತದೆ, ಕ್ಲಚ್ ಪ್ಲೇಟ್ ಬಿಡುಗಡೆಯಾಗುತ್ತದೆ. ಬಿಡುಗಡೆಯಾದ ಪ್ಲೇಟಿಗೂ ಫ್ಲೈವೀಲಿಗೂ ನಡುವೆ ಉಳಿಯುವ ಜಾಗ ಕೂದಲೆಳೆಯಷ್ಟು, ಒಂದು ಮಿ.ಮೀ.ಗಿಂತಲೂ ಕಡಿಮೆ. ಮುಂದೆ ಹೇಳುವ ಅರ್ಧಕ್ಕರ್ಧ ತೊಂದರೆಗಳು ಆ ಕೂದಲೆಳೆ ಜಾಗ ಸಿಗದಿರುವುದರಿಂದ ಹುಟ್ಟುವಂಥವು.

ಕಾಲಿನ ಒತ್ತಡ ಅಲ್ಲಿಗೆ ಮುಟ್ಟುವ ದಾರಿ

ಗೇರ್ ಇರುವ ಹಳೆಯ ಸ್ಕೂಟರಿನಲ್ಲಿ ಕ್ಲಚ್ಚಿಗೆ ಕೇಬಲ್ ಇರುತ್ತದೆ. ಎಂಜಿಬಿ, ಸ್ಪಿಟ್‌ಫೈರ್‌ಗಳಲ್ಲಿ ಕೇಬಲ್ ಬದಲು ಬ್ರೇಕ್ ಆಯಿಲ್. ಪೆಡಲಿನ ತುದಿಯಲ್ಲಿ ಮಾಸ್ಟರ್ ಸಿಲಿಂಡರ್, ಗೇರ್ ಬಾಕ್ಸಿನ ಪಕ್ಕದಲ್ಲಿ ಸ್ಲೇವ್ ಸಿಲಿಂಡರ್, ನಡುವೆ ಲೋಹದ ಪೈಪು ಮತ್ತು ಒಂದು ತುಂಡು ರಬ್ಬರ್ ಹೋಸು. ಮಾಸ್ಟರ್ ತಳ್ಳಿದ ಆಯಿಲ್ ಸ್ಲೇವಿನ ಪಿಸ್ಟನ್ನನ್ನು ತಳ್ಳುತ್ತದೆ, ಅದು ರಿಲೀಸ್ ಫೋರ್ಕನ್ನು ತಳ್ಳುತ್ತದೆ, ಫೋರ್ಕು ಬೇರಿಂಗನ್ನು.

ಇಲ್ಲಿ ಸ್ವಲ್ಪ ಲೆಕ್ಕ ನೋಡಿದರೆ ಮುಂದಿನದು ಸುಲಭ. ಎಂಜಿಬಿಯ ಮಾಸ್ಟರ್ ಸಿಲಿಂಡರಿನ ಒಳವ್ಯಾಸ ಮುಕ್ಕಾಲು ಇಂಚು, ಸ್ಲೇವಿನದು ಒಂದೂಕಾಲು ಇಂಚು. ಎರಡರ ವಿಸ್ತೀರ್ಣ ತೂಗಿದರೆ ಸ್ಲೇವ್ ಸುಮಾರು 2.8 ಪಟ್ಟು ದೊಡ್ಡದು. ಕಾಲಿನ ಬಲ ಅಷ್ಟು ಪಟ್ಟು ಹೆಚ್ಚುತ್ತದೆ, ಚಲನೆ ಅಷ್ಟೇ ಪಟ್ಟು ಕಡಿಮೆಯಾಗುತ್ತದೆ. ಮಾಸ್ಟರ್ ಪಿಸ್ಟನ್ 10 ಮಿ.ಮೀ. ಹೋದರೆ ಸ್ಲೇವ್ ಪಿಸ್ಟನ್ ಹೋಗುವುದು ಬರೀ 3.6 ಮಿ.ಮೀ. ಆರೋಗ್ಯವಾಗಿರುವ ಎಂಜಿಬಿಯಲ್ಲಿ ಪೆಡಲನ್ನು ತಳಕ್ಕೆ ಒತ್ತಿದಾಗ ಸ್ಲೇವಿನ ಪುಶ್‌ರಾಡ್ ಅರ್ಧ ಇಂಚು, ಅಂದರೆ 12–13 ಮಿ.ಮೀ. ಚಲಿಸಬೇಕು. ಒಟ್ಟು ಸಿಗುವುದೇ ಇಷ್ಟು. ಅದರಲ್ಲಿ ಪಿನ್ನು ಸವೆದು ಸ್ವಲ್ಪ, ಗಾಳಿ ಸೇರಿ ಸ್ವಲ್ಪ, ಹೋಸು ಉಬ್ಬಿ ಸ್ವಲ್ಪ ಸೋರಿಹೋದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ. ಈ ವ್ಯವಸ್ಥೆಯಲ್ಲಿ ತಿರುಗಿಸಿ ಸರಿಮಾಡಲು ಅಡ್ಜಸ್ಟ್‌ಮೆಂಟ್ ನಟ್ಟೂ ಇಲ್ಲ. ಪ್ಲೇಟ್ ಸವೆದಂತೆ ಸ್ಲೇವಿನ ಪಿಸ್ಟನ್ ತಾನಾಗಿ ಹೊಸ ಜಾಗದಲ್ಲಿ ನಿಲ್ಲುತ್ತದೆ. "ಕ್ಲಚ್ ಸ್ವಲ್ಪ ಟೈಟ್ ಮಾಡಿ ಕೊಡಿ" ಎಂದು ಕೇಳಿ ಪ್ರಯೋಜನವಿಲ್ಲ.

ಮೊದಲ ಪರೀಕ್ಷೆ: ಇಂಜಿನ್ ಆಫ್, ಇಂಜಿನ್ ಆನ್

ಸಮತಟ್ಟಾದ ಜಾಗ, ಹ್ಯಾಂಡ್‌ಬ್ರೇಕ್ ಹಾಕಿ, ಕಾರಿನ ಮುಂದೆ ಹಿಂದೆ ಯಾರೂ ಇಲ್ಲದಿರಲಿ. ಇಂಜಿನ್ ಆಫ್ ಇರುವಾಗಲೇ ಕ್ಲಚ್ ಒತ್ತಿ ಎಲ್ಲ ಗೇರುಗಳನ್ನೂ ಒಂದೊಂದಾಗಿ ಹಾಕಿ ನೋಡಿ. ಒಂದು ಗೇರ್ ತಡೆದರೆ ಹ್ಯಾಂಡ್‌ಬ್ರೇಕ್ ಬಿಟ್ಟು ಕಾರನ್ನು ಒಂದು ಗೇಣು ತಳ್ಳಿ, ಬ್ರೇಕ್ ಹಾಕಿ, ಆ ಗೇರನ್ನು ಮತ್ತೆ ಹಾಕಿ ನೋಡಿ. ನಿಂತ ಹಲ್ಲಿಗೆ ಹಲ್ಲು ಎದುರಾಗಿ ಸಿಕ್ಕರೆ ಒಳ್ಳೆಯ ಗೇರ್ ಬಾಕ್ಸಿನಲ್ಲೂ ತಡೆಯುತ್ತದೆ. ಹೀಗೆ ಎಲ್ಲವೂ ಬಿದ್ದು, ಇಂಜಿನ್ ಆನ್ ಮಾಡಿದಾಗ ಮಾತ್ರ ಬೀಳದಿದ್ದರೆ ತೊಂದರೆ ಕ್ಲಚ್ಚಿನದು. ಇಂಜಿನ್ ಆಫ್ ಇದ್ದಾಗಲೂ ಗಟ್ಟಿಯಾಗಿದ್ದರೆ ಗೇರ್ ಲಿವರ್, ಅದರ ಕೊಂಡಿಗಳು ಅಥವಾ ಗೇರ್ ಬಾಕ್ಸಿನ ಒಳಭಾಗ ನೋಡಬೇಕು.

ಎರಡನೆಯದು ರಿವರ್ಸ್ ಪರೀಕ್ಷೆ. ಇಂಜಿನ್ ಬಿಸಿಯಾಗಿ ನಿಧಾನ ಓಡುತ್ತಿರುವಾಗ ಕ್ಲಚ್ ಪೂರ್ತಿ ಒತ್ತಿ, ಮನಸ್ಸಿನಲ್ಲಿ ಐದಾರರವರೆಗೆ ಎಣಿಸಿ, ಆಮೇಲೆ ರಿವರ್ಸ್ ಹಾಕಿ. ಈ ಕಾಯುವಿಕೆ ಮುಖ್ಯ. ಕ್ಲಚ್ ಬಿಟ್ಟ ಮೇಲೂ ಇನ್‌ಪುಟ್ ಶಾಫ್ಟ್ ಹಿಂದಿನ ರಭಸಕ್ಕೆ ಸ್ವಲ್ಪ ಹೊತ್ತು ತಿರುಗುತ್ತಿರುತ್ತದೆ, ಅದು ನಿಲ್ಲಬೇಕು. ರಿವರ್ಸಿಗೆ ಸಿಂಕ್ರೊ ಇಲ್ಲದ ಕಾರಣ ಶಾಫ್ಟ್ ಸ್ವಲ್ಪ ತಿರುಗುತ್ತಿದ್ದರೂ ಅದು ಸದ್ದು ಮಾಡಿ ಹೇಳಿಬಿಡುತ್ತದೆ. ಕಾದ ಮೇಲೂ ಕಿರ್ರ್ ಎಂದರೆ ಪ್ಲೇಟ್ ಇನ್ನೂ ಫ್ಲೈವೀಲಿಗೆ ಉಜ್ಜುತ್ತಿದೆ ಎಂದರ್ಥ.

ಒಂದು ಮಾತು ಇಲ್ಲಿಯೇ ಹೇಳಬೇಕು. 1967ರ ಕೊನೆಯವರೆಗಿನ ಎಂಜಿಬಿಗೆ, 1970ರಲ್ಲಿ ಮಾರ್ಕ್ 4 ಬರುವವರೆಗಿನ ಸ್ಪಿಟ್‌ಫೈರ್‌ಗೆ ಫಸ್ಟ್ ಗೇರಿನಲ್ಲೂ ಸಿಂಕ್ರೊ ಇರಲಿಲ್ಲ. ಇಂಥ ಕಾರು ಚಲಿಸುತ್ತಿರುವಾಗ ಫಸ್ಟ್ ಹಾಕಿದರೆ ಸದ್ದು ಬಂದೇ ಬರುತ್ತದೆ, ಅದು ಕಾಯಿಲೆಯಲ್ಲ. ನಿಂತಿರುವಾಗ ಫಸ್ಟ್ ಹಾಕುವ ಮುನ್ನ ಲಿವರನ್ನು ಸೆಕೆಂಡಿನತ್ತ ಒಮ್ಮೆ ತಂದರೆ ಸೆಕೆಂಡಿನ ಸಿಂಕ್ರೊ ಶಾಫ್ಟನ್ನು ಹಿಡಿದು ನಿಲ್ಲಿಸುತ್ತದೆ, ಆಮೇಲೆ ಫಸ್ಟ್ ಸದ್ದಿಲ್ಲದೆ ಬೀಳುತ್ತದೆ. ಹೊಸ ಕಾರಿನಿಂದ ಹಳೆಯದಕ್ಕೆ ಬಂದವರಿಗೆ ಇದನ್ನು ಯಾರಾದರೂ ಹೇಳಿಕೊಡದೆ ಹೊಳೆಯುವುದಿಲ್ಲ.

ಕ್ಲಚ್ ಬಿಡದಿದ್ದರೆ

ಪೆಡಲನ್ನು ನಾಲ್ಕೈದು ಸಲ ಬೇಗಬೇಗ ಪಂಪ್ ಮಾಡಿ, ಕೊನೆಯ ಸಲ ಒತ್ತಿ ಹಿಡಿದು ಗೇರ್ ಹಾಕಿ ನೋಡಿ. ಈಗ ಬಿತ್ತು ಅಂದರೆ ಬ್ರೇಕ್ ಆಯಿಲಿನ ಸಾಲಿನಲ್ಲಿ ಗಾಳಿ ಸೇರಿದೆ ಅಥವಾ ಎಲ್ಲೋ ಸಿಲಿಂಡರಿನೊಳಗೆ ಆಯಿಲ್ ತಡೆಯುವ ರಬ್ಬರ್ ಕಪ್ ಸೋರುತ್ತಿದೆ. ಪಂಪ್ ಮಾಡಿದರೂ ಬದಲಾವಣೆ ಇಲ್ಲದಿದ್ದರೆ ಪಿನ್ನು, ಫೋರ್ಕು, ಬೇರಿಂಗು, ಪ್ಲೇಟುಗಳತ್ತ ಅನುಮಾನ ತಿರುಗಬೇಕು.

ಸೋರಿಕೆ ಹುಡುಕುವುದಕ್ಕೆ ಕಣ್ಣು, ಬೆರಳು ಸಾಕು. ಪೆಡಲಿನ ಮೇಲ್ಭಾಗಕ್ಕೆ ಕೈಹಾಕಿ ಮಾಸ್ಟರ್ ಸಿಲಿಂಡರಿನ ಹಿಂಬದಿ ಮುಟ್ಟಿ. ಒದ್ದೆಯಾಗಿದ್ದರೆ, ಅಲ್ಲಿ ಬಣ್ಣ ಸುಲಿದಿದ್ದರೆ ಒಳಗಿನ ರಬ್ಬರ್ ಕಪ್ ಹಾಳಾಗಿದೆ. ಕೆಳಗೆ ಸ್ಲೇವಿನ ಧೂಳಿನ ರಬ್ಬರನ್ನು ಸ್ವಲ್ಪ ಸರಿಸಿ ನೋಡಿ. ಒಳಗೆ ಒದ್ದೆಯಿದ್ದರೆ ಅದರದ್ದೂ ಅದೇ ಕತೆ. ಹೊರಗೆ ಒಂದು ಹನಿಯೂ ಇಲ್ಲದೆ ಪೆಡಲ್ ನಿಧಾನವಾಗಿ ಕುಸಿಯುತ್ತಿದ್ದರೆ ಮಾಸ್ಟರ್‌ನ ಒಳಗಿನ ರಬ್ಬರ್ ಕಪ್ ಆಯಿಲನ್ನು ಹಿಂದಕ್ಕೆ ಬಿಡುತ್ತಿದೆ.

ಕರಾವಳಿಯವರಿಗೆ ಬ್ರೇಕ್ ಆಯಿಲಿನ ವಿಷಯ ಬೇರೆಯವರಿಗಿಂತ ಹೆಚ್ಚು ಮುಖ್ಯ. ಸಾಮಾನ್ಯವಾಗಿ ಸಿಗುವ ಡಾಟ್ 3, ಡಾಟ್ 4 ಆಯಿಲುಗಳು ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಸೇರಿದ ಆಯಿಲಿಗೆ ಅದೇ ಮಾನದಂಡ 155ಕ್ಕೆ ಇಳಿಯುತ್ತದೆ. ಕ್ಲಚ್ಚಿನಲ್ಲಿ ಕುದಿಯುವಷ್ಟು ಬಿಸಿ ಅಪರೂಪ, ನಿಜವಾದ ಹಾನಿ ತುಕ್ಕಿನಿಂದ. ಆಯಿಲಿನೊಳಗಿನ ನೀರು ಸಿಲಿಂಡರಿನ ತಳದಲ್ಲಿ ಕೂತು ಲೋಹವನ್ನು ಗುಳಿ ಗುಳಿ ಮಾಡುತ್ತದೆ. ಆ ಗುಳಿಯ ಮೇಲೆ ಓಡಾಡುವ ರಬ್ಬರ್ ಕಪ್ಪು ಹೊಸದಾದರೂ ಬಾಳುವುದಿಲ್ಲ. ಕಪ್ ಕಿಟ್ ಹಾಕಿಸಿ ಮೂರು ತಿಂಗಳಿಗೆ ಮತ್ತೆ ಸೋರಿತು ಎನ್ನುವವರ ಸಿಲಿಂಡರಿನ ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಕಾರಣ ಕಾಣುತ್ತದೆ. ಗುಳಿ ಬಿದ್ದ ಸಿಲಿಂಡರಿಗೆ ಲೇತಿನಲ್ಲಿ ಸ್ಲೀವ್ ಕೂರಿಸಬೇಕು, ಇಲ್ಲವೇ ಹೊಸದು ಹಾಕಬೇಕು. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದು, ಮುಚ್ಚಳ ತೆರೆದ ಡಬ್ಬಿಯ ಉಳಿಕೆಯನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳದಿರುವುದು ಅಗ್ಗದ ಉಪಾಯ. ಡಾಟ್ 5 ಎಂಬುದು ಸಿಲಿಕೋನ್, ನೀರು ಹೀರುವುದಿಲ್ಲ. ಆದರೆ ಡಾಟ್ 4ರ ಜೊತೆ ಬೆರೆಸುವಂತಿಲ್ಲ. ಡಾಟ್ 5.1 ಎಂಬ ಹೆಸರು ನೋಡಿ ಮೋಸಹೋಗಬೇಡಿ, ಅದು ಡಾಟ್ 4ರ ಜಾತಿಯದ್ದೇ.

ಗಾಳಿ ತೆಗೆಯುವ ಕೆಲಸ ಈ ಕಾರುಗಳಲ್ಲಿ ತಲೆನೋವಿನದ್ದು. ಬ್ರೇಕಿನಂತೆ ಒಬ್ಬರು ಪೆಡಲ್ ಒತ್ತಿ, ಇನ್ನೊಬ್ಬರು ಕೆಳಗೆ ಸ್ಲೇವಿನಲ್ಲಿರುವ ಗಾಳಿ ಬಿಡುವ ತಿರುಪು, ಅಂದರೆ ನಿಪ್ಪಲ್ ಸಡಿಲಿಸುತ್ತಾ ಹೋದರೆ ಮುಗಿಯಬೇಕು, ಮುಗಿಯುವುದಿಲ್ಲ. ಗಾಳಿಗುಳ್ಳೆಗೆ ಮೇಲಕ್ಕೇರುವ ಸ್ವಭಾವ, ನಾವು ಅದನ್ನು ಕೆಳಗಿನ ಸ್ಲೇವಿನತ್ತ ತಳ್ಳುತ್ತಿರುತ್ತೇವೆ. ಪೈಪಿನ ಎತ್ತರದ ತಿರುವಿನಲ್ಲಿ ಗುಳ್ಳೆ ಅಲ್ಲೇ ನಿಲ್ಲುತ್ತದೆ. ಅದಕ್ಕೇ ಅನುಭವಸ್ಥರು ಉಲ್ಟಾ ಮಾಡುತ್ತಾರೆ: ಸ್ಲೇವಿನ ನಿಪ್ಪಲಿಗೆ ಟ್ಯೂಬು ಸಿಕ್ಕಿಸಿ, ದೊಡ್ಡ ಸಿರಿಂಜಿನಿಂದ ಹೊಸ ಆಯಿಲನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ತುಂಬುತ್ತಾರೆ. ಗುಳ್ಳೆಗಳು ಮಾಸ್ಟರ್‌ನ ಡಬ್ಬಿಯಲ್ಲಿ ಮೇಲೆದ್ದು ಒಡೆಯುತ್ತವೆ. ಡಬ್ಬಿ ಉಕ್ಕದಂತೆ ಒಬ್ಬರು ನೋಡುತ್ತಿರಬೇಕು. ಬ್ರೇಕ್ ಆಯಿಲ್ ಬಿದ್ದಲ್ಲಿ ಪೇಂಟ್ ಏಳುತ್ತದೆ, ಬಿದ್ದ ಕೂಡಲೇ ನೀರು ಹೊಯ್ಯಿರಿ, ಒರೆಸುತ್ತಾ ಕೂರಬೇಡಿ.

ಆಯಿಲ್ ಸರಿಯಿದ್ದೂ ಚಲನೆ ಸಾಲದಿದ್ದರೆ ಪೆಡಲನ್ನು ಮಾಸ್ಟರ್‌ಗೆ ಜೋಡಿಸುವ ಕ್ಲೆವಿಸ್ ಪಿನ್ ಬಿಚ್ಚಿ ನೋಡಿ. ಬೆರಳುದ್ದವೂ ಇಲ್ಲದ ಈ ಪಿನ್ನು ವರ್ಷಗಟ್ಟಲೆ ತಿಕ್ಕಿ ಒಂದು ಬದಿ ಸವೆದಿರುತ್ತದೆ. ಪೆಡಲಿನ ತೂತು ಗುಂಡಗಿದ್ದದ್ದು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಮೇಲಿನ ಲೆಕ್ಕ ನೆನಪಿಸಿಕೊಳ್ಳಿ, ಇಲ್ಲಿ ಹಾಳಾದ ಪ್ರತಿ ಮಿ.ಮೀ. ಸ್ಲೇವಿನಲ್ಲಿ ಕಡಿತವಾಗುತ್ತದೆ. ಸ್ಲೇವಿನ ಪುಶ್‌ರಾಡ್ ಫೋರ್ಕಿಗೆ ಸೇರುವಲ್ಲಿಯೂ ಇಂಥದ್ದೇ ಪಿನ್ನಿದೆ. ಇಡೀ ಕಾರಿನಲ್ಲಿ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಸುಖ ಕೊಡುವ ಭಾಗ ಇನ್ನೊಂದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ತೂತು ಬೆಸುಗೆ ಹಾಕಿ ಮತ್ತೆ ಕೊರೆಸಿ, ಹೊಸ ಪಿನ್ ಹಾಕಿದ ಮೇಲೆ ಪುಶ್‌ರಾಡಿನ ಚಲನೆಯನ್ನು ಸ್ಕೇಲಿನಿಂದ ಅಳೆಯಿರಿ. ಇಂಜಿನ್ ಆಫ್ ಇರಲಿ, ಕಾರು ಗಟ್ಟಿ ಸ್ಟ್ಯಾಂಡಿನ ಮೇಲಿರಲಿ, ಬರೀ ಜಾಕಿನ ಮೇಲೆ ನಿಂತ ಕಾರಿನ ಅಡಿಗೆ ತಲೆ ಹಾಕಬೇಡಿ.

ಚಲನೆ 12 ಮಿ.ಮೀ. ಮುಟ್ಟಿದರೂ ಗೇರ್ ಕಿರುಚಿದರೆ ದುರದೃಷ್ಟ, ತೊಂದರೆ ಒಳಗಿದೆ. ಬಾಗಿದ ಪ್ಲೇಟು, ತುಕ್ಕು ಹಿಡಿದು ಶಾಫ್ಟಿನ ಮೇಲೆ ಸರಿಯದ ಪ್ಲೇಟು, ಸವೆದ ರಿಲೀಸ್ ಬೇರಿಂಗ್, ಇವು ಸಾಮಾನ್ಯ. ಇನ್ನೊಂದು ಕಳ್ಳನಿದ್ದಾನೆ, ಸ್ಪಿಗಟ್ ಬುಷ್. ಇನ್‌ಪುಟ್ ಶಾಫ್ಟಿನ ಮೂತಿ ಇಂಜಿನ್ನಿನ ಕ್ರ್ಯಾಂಕಿನ ತುದಿಯಲ್ಲಿ ಕೂರುವ ಸಣ್ಣ ಕಂಚಿನ ಬುಷ್ ಇದು. ಒಣಗಿ ಹಿಡಿದುಕೊಂಡರೆ ಕ್ಲಚ್ ಎಷ್ಟೇ ಚೆನ್ನಾಗಿ ಬಿಟ್ಟರೂ ಕ್ರ್ಯಾಂಕು ನೇರವಾಗಿ ಶಾಫ್ಟನ್ನು ಎಳೆದುಕೊಂಡೇ ತಿರುಗುತ್ತದೆ.

ಮಳೆಗಾಲದಲ್ಲಿ ಅಂಟಿಕೊಂಡ ಪ್ಲೇಟು

ವರ್ಷಕ್ಕೆ 3,500 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುವ ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಇದು ಪ್ರತ್ಯೇಕ ಕಾಯಿಲೆ. ಫ್ಲೈವೀಲ್ ಎರಕದ ಕಬ್ಬಿಣ, ಲೈನಿಂಗ್ ತೇವ ಹಿಡಿದಿಟ್ಟುಕೊಳ್ಳುವ ವಸ್ತು, ಸ್ಪ್ರಿಂಗು ಎರಡನ್ನೂ ನಾಲ್ಕು ತಿಂಗಳು ಅದುಮಿ ಹಿಡಿದಿರುತ್ತದೆ. ಸಮುದ್ರದ ಉಪ್ಪುಗಾಳಿಯೂ ಸೇರಿದರೆ ನಡುವೆ ಎದ್ದ ತುಕ್ಕೇ ಗೋಂದು. ಮೇಯಲ್ಲಿ ಚೆನ್ನಾಗಿದ್ದ ಕ್ಲಚ್ ಅಕ್ಟೋಬರಿನಲ್ಲಿ ಏಕಾಏಕಿ, ಪೂರ್ತಿಯಾಗಿ ಬಿಡುತ್ತಿಲ್ಲ, ಪೆಡಲ್ ಮಾತ್ರ ಮಾಮೂಲಿನಂತಿದೆ, ಪುಶ್‌ರಾಡೂ ಸರಿಯಾಗಿ ಚಲಿಸುತ್ತಿದೆ ಎಂದರೆ ಬಹುತೇಕ ಇದೇ.

ಮೃದುವಾದ ದಾರಿ ಮೊದಲು. ಇಂಜಿನ್ನನ್ನು ನ್ಯೂಟ್ರಲಿನಲ್ಲಿ ಅರ್ಧ ಗಂಟೆ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ. ಪೆಡಲನ್ನು ತಳಕ್ಕೆ ಒತ್ತಿ, ಸೀಟಿಗೂ ಅದಕ್ಕೂ ನಡುವೆ ಒಂದು ಮರದ ತುಂಡು ಸಿಕ್ಕಿಸಿ ರಾತ್ರಿಯಿಡೀ ಹಾಗೇ ಬಿಡಿ. ಎಷ್ಟೋ ಸಲ ಬೆಳಗ್ಗೆ ಬಿಟ್ಟಿರುತ್ತದೆ.

ಬಿಡದಿದ್ದರೆ ಒರಟು ದಾರಿ. ವಿಶಾಲ ಬಯಲು ಬೇಕು, ರಸ್ತೆಯಾಗಲಿ ಮನೆಯಂಗಳವಾಗಲಿ ಆಗದು. ಇಂಜಿನ್ ಬಿಸಿ ಮಾಡಿ ಆಫ್ ಮಾಡಿ, ಸೆಕೆಂಡ್ ಗೇರ್ ಹಾಕಿ, ಕ್ಲಚ್ ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿದರೆ ಕಾರು ಸ್ಟಾರ್ಟರಿನ ಬಲದಲ್ಲೇ ಮುಂದೆ ಹೋಗುತ್ತದೆ. ಓಡುತ್ತಿರುವಾಗ ಕ್ಲಚ್ ಒತ್ತಿಕೊಂಡೇ ಆಕ್ಸಿಲರೇಟರ್ ಕೊಟ್ಟು ಬಿಟ್ಟು ಮಾಡಿದರೆ ಜಗ್ಗಾಟಕ್ಕೆ ಪ್ಲೇಟ್ ಕಿತ್ತು ಬರುತ್ತದೆ. ನಿಲ್ಲಿಸಬೇಕೆಂದರೆ ಬ್ರೇಕು ಮತ್ತು ಇಗ್ನಿಷನ್ ಕೀ ಮಾತ್ರ ನಿಮ್ಮ ಕೈಯಲ್ಲಿ, ಕ್ಲಚ್ ಇಲ್ಲ. ಹಿಂದಿನ ಆಕ್ಸಲ್‌ಗಳಿಗೂ ಇದು ಹಿತವಲ್ಲ. ನಾಲ್ಕಾರು ಜಗ್ಗಿಗೆ ಬಿಡದಿದ್ದರೆ ಹಟ ಹಿಡಿಯದೆ ಬಿಚ್ಚುವುದೇ ಕಡಿಮೆ ನಷ್ಟದ್ದು.

ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಇಂಜಿನ್ ಬಿಸಿಯಾಗುವಷ್ಟು ಓಡಿಸಿ ಕ್ಲಚ್ಚನ್ನು ಹತ್ತಿಪ್ಪತ್ತು ಸಲ ಒತ್ತಿ ಬಿಟ್ಟು, ಸಾಧ್ಯವಾದರೆ ಅಂಗಳದಲ್ಲೇ ಹಿಂದೆ ಮುಂದೆ ಮಾಡಿದರೆ ಪ್ಲೇಟ್ ಅಂಟುವ ಸಂಭವ ತೀರ ಕಡಿಮೆ. ಪ್ಲಾಸ್ಟಿಕ್ ಹೊದಿಕೆ ಬೇಡ, ಅದು ನೆಲದ ತೇವವನ್ನು ಒಳಗೇ ಕೂಡಿಹಾಕುತ್ತದೆ.

ಜಾರುವ ಕ್ಲಚ್

ಇದು ಮೇಲಿನದರ ಉಲ್ಟಾ. ಗೇರ್ ಬೆಣ್ಣೆಯಂತೆ ಬೀಳುತ್ತದೆ, ಇಂಜಿನ್ ಅರಚುತ್ತದೆ, ಕಾರು ಮಾತ್ರ ಏರು ಹತ್ತುವುದಿಲ್ಲ. ಕದ್ರಿ ಗುಡ್ಡದ ಏರಿನಲ್ಲೋ ಉಡುಪಿಯಿಂದ ಮಣಿಪಾಲ ಹತ್ತುವಾಗಲೋ ಮೊದಲು ಗೊತ್ತಾಗುತ್ತದೆ, ಸುಟ್ಟ ವಾಸನೆಯೂ ಜೊತೆಗೆ ಬರುತ್ತದೆ. ಖಾತ್ರಿ ಮಾಡಲು ಖಾಲಿ ರಸ್ತೆಯಲ್ಲಿ ಟಾಪ್ ಗೇರಿನಲ್ಲಿ 40–50 ಕಿ.ಮೀ. ವೇಗದಲ್ಲಿರುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ. ಇಂಜಿನ್ ಸುತ್ತಿನ ಮುಳ್ಳು ಹಾರಿ, ವೇಗದ ಮುಳ್ಳು ಹಿಂದೆಯೇ ಉಳಿದರೆ ಕ್ಲಚ್ ಜಾರುತ್ತಿದೆ.

ಲೈನಿಂಗ್ ಸವೆದಿರಬಹುದು, ಇಲ್ಲವೇ ಇಂಜಿನ್ನಿನ ಹಿಂದಿನ ಸೀಲಿನಿಂದಲೋ ಗೇರ್ ಬಾಕ್ಸಿನ ಮುಂದಿನ ಸೀಲಿನಿಂದಲೋ ಎಣ್ಣೆ ಬಂದು ಪ್ಲೇಟಿಗೆ ಮೆತ್ತಿರಬಹುದು. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಹಾಕುವ ಪದ್ಧತಿ ಇದೆ, ನಾಲ್ಕು ದಿನಕ್ಕೆ ಮತ್ತೆ ಅದೇ ಪಾಡು. ಮೂರನೆಯ ಕಾರಣ ಹೊರಗೇ ಇದೆ, ಆದರೂ ಎಷ್ಟೋ ಜನ ನೋಡುವುದಿಲ್ಲ. ಪೆಡಲ್ ಪೂರ್ತಿ ಮೇಲೆ ಬಂದಾಗ ಮಾಸ್ಟರ್ ಸಿಲಿಂಡರಿನ ಒಳಗೆ ಒಂದು ಸಣ್ಣ ದಾರಿ ತೆರೆದು ಆಯಿಲ್ ಡಬ್ಬಿಗೆ ವಾಪಸಾಗಬೇಕು. ಪೆಡಲಿನ ರಿಟರ್ನ್ ಸ್ಪ್ರಿಂಗ್ ಸೋತಿದ್ದರೆ, ತಪ್ಪು ಆಯಿಲಿನಿಂದ ರಬ್ಬರ್ ಉಬ್ಬಿದ್ದರೆ ಆ ದಾರಿ ಮುಚ್ಚಿಯೇ ಇರುತ್ತದೆ. ಕಾರು ಬಿಸಿಯಾದಂತೆ ಒಳಗೆ ಸಿಕ್ಕ ಆಯಿಲ್ ಹಿಗ್ಗಿ, ನೀವು ಒತ್ತದೆಯೇ ಕ್ಲಚ್ಚನ್ನು ಅರ್ಧ ಒತ್ತಿದಂತೆ ಮಾಡುತ್ತದೆ. ತಣ್ಣಗಿದ್ದಾಗ ಸರಿ, ಬಿಸಿಯಾದಾಗ ಜಾರಾಟ ಎಂಬ ದೂರಿಗೆ ಮೊದಲು ನೋಡಬೇಕಾದ್ದು ಇದನ್ನು. ಪೆಡಲನ್ನು ಕೈಯಿಂದ ಒತ್ತಿದಾಗ ಆರಂಭದಲ್ಲಿ ಸ್ವಲ್ಪ ಸಡಿಲು ಸಿಗಲೇಬೇಕು.

ಹಂಪನಕಟ್ಟೆಯ ಟ್ರಾಫಿಕ್ಕಿನಲ್ಲಿ ಹಾಫ್ ಕ್ಲಚ್ಚಿನಲ್ಲೇ ಕಾರು ಹಿಡಿದು ನಿಲ್ಲಿಸುವ ಅಭ್ಯಾಸ ಈ ಕಾರುಗಳಿಗೆ ಆಗಿಬರುವುದಿಲ್ಲ. ಎಂಜಿಬಿಯ ರಿಲೀಸ್ ಬೇರಿಂಗಿನಲ್ಲಿ ಉಕ್ಕಿನ ಗುಂಡುಗಳೇ ಇಲ್ಲ, ಕಾರ್ಬನ್ನಿನ ಒಂದು ಬಳೆ ನೇರವಾಗಿ ಉಜ್ಜುತ್ತದೆ. ಪೆಡಲಿನ ಮೇಲೆ ಕಾಲಿಟ್ಟಿರುವಷ್ಟು ಹೊತ್ತೂ ಅದು ಸವೆಯುತ್ತಲೇ ಇರುತ್ತದೆ. ಸಿಗ್ನಲಿನಲ್ಲಿ ನ್ಯೂಟ್ರಲ್, ಏರಿನಲ್ಲಿ ಹ್ಯಾಂಡ್‌ಬ್ರೇಕ್.

ಸದ್ದಿನಿಂದಲೂ ತಿಳಿಯುತ್ತದೆ. ಪೆಡಲ್ ಒತ್ತಿದಾಗ ಕೀರಲು ಸದ್ದು ಬಂದು, ಬಿಟ್ಟಾಗ ಹೋದರೆ ರಿಲೀಸ್ ಬೇರಿಂಗ್. ನ್ಯೂಟ್ರಲಿನಲ್ಲಿ ಗೊರಗೊರ ಎನ್ನುತ್ತಿದ್ದದ್ದು ಪೆಡಲ್ ಒತ್ತಿದಾಗ ನಿಂತರೆ ಗೇರ್ ಬಾಕ್ಸಿನ ಮುಂದಿನ ಬೇರಿಂಗ್.

ನಿಜವಾಗಿಯೂ ಗೇರ್ ಬಾಕ್ಸೇ ಆಗಿದ್ದರೆ

ಕ್ಲಚ್ ಸರಿಯಿದೆ ಎಂದು ಖಾತ್ರಿಯಾದ ಮೇಲೂ ಒಂದು ಗೇರಿನಲ್ಲಿ ಮಾತ್ರ ಕಿರ್ರ್ ಎನ್ನುತ್ತಿದ್ದರೆ ಆ ಗೇರಿನ ಸಿಂಕ್ರೊ ಬಳೆ ಸವೆದಿದೆ. ಸಾಮಾನ್ಯವಾಗಿ ಮೊದಲು ಸೋಲುವುದು ಸೆಕೆಂಡ್, ಹೆಚ್ಚು ದುಡಿಯುವುದೂ ಅದೇ. ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆಯ 14 ತಿರುವು ಹತ್ತುವಾಗ ಥರ್ಡಿನಿಂದ ಸೆಕೆಂಡಿಗೆ ಎಷ್ಟು ಸಲ ಇಳಿಸುತ್ತೀರಿ ಎಂದು ಎಣಿಸಿದರೆ ಗೊತ್ತಾಗುತ್ತದೆ. ಕಂಡಕ್ಟರ್ ಓಡಬೇಕಾದ ನಾಲ್ಕು ಹೆಜ್ಜೆಯನ್ನು ಪ್ರತಿ ಸಲವೂ ಆ ಹಿತ್ತಾಳೆ ಬಳೆ ಓಡುತ್ತದೆ.

ಬಳೆ ಸವೆದ ಗೇರ್ ಬಾಕ್ಸನ್ನು ಡಬಲ್ ಕ್ಲಚ್ ಮಾಡಿ ವರ್ಷಗಟ್ಟಲೆ ಓಡಿಸಬಹುದು. ಕ್ಲಚ್ ಒತ್ತಿ ನ್ಯೂಟ್ರಲಿಗೆ ತನ್ನಿ, ಕ್ಲಚ್ ಬಿಟ್ಟು ಆಕ್ಸಿಲರೇಟರನ್ನು ಒಮ್ಮೆ ಎಬ್ಬಿಸಿ, ಮತ್ತೆ ಕ್ಲಚ್ ಒತ್ತಿ ಸೆಕೆಂಡ್ ಹಾಕಿ. ನಡುವೆ ಎಬ್ಬಿಸಿದ ಇಂಜಿನ್ನು ಶಾಫ್ಟನ್ನು ಬೇಕಾದ ವೇಗಕ್ಕೆ ತಂದಿರುತ್ತದೆ, ಬಳೆಗೆ ಕೆಲಸ ಉಳಿಯುವುದಿಲ್ಲ. ಹಳೆಯ ಲಾರಿ ಡ್ರೈವರುಗಳಿಗೆ ಇದು ಉಸಿರಾಟದಷ್ಟು ಸಹಜವಾಗಿತ್ತು.

ಆಕ್ಸಿಲರೇಟರ್ ಬಿಟ್ಟ ಕೂಡಲೇ ಗೇರ್ ತಾನಾಗಿ ಹೊರಗೆ ಹಾರುತ್ತಿದ್ದರೆ ಸೆಲೆಕ್ಟರ್ ಫೋರ್ಕಿನ ಸವೆತ, ಗೇರನ್ನು ಜಾಗದಲ್ಲಿ ಹಿಡಿಯುವ ಗುಂಡು–ಸ್ಪ್ರಿಂಗು ಅಥವಾ ಹಲ್ಲಿನ ತುದಿ ಉರುಟಾಗಿರುವುದು ಕಾರಣ. ಆದರೆ ಇಂಜಿನ್ ಮೌಂಟಿಂಗ್ ರಬ್ಬರ್ ಹರಿದಿದ್ದರೂ ಹೀಗಾಗುತ್ತದೆ, ಅದನ್ನು ಮೊದಲು ನೋಡಿ. ಲಿವರ್ ಗಂಜಿಯಲ್ಲಿಟ್ಟ ಸೌಟಿನಂತೆ ಅಲ್ಲಾಡುತ್ತಾ ಯಾವ ಗೇರ್ ಎಲ್ಲಿದೆ ಎಂದೇ ತಿಳಿಯದಿದ್ದರೆ ಲಿವರಿನ ಬುಡದ ಬುಷ್ಷುಗಳು ಮುಗಿದಿವೆ. ಸ್ಪಿಟ್‌ಫೈರ್‌ನಲ್ಲಿ ಇದು ತೀರ ಮಾಮೂಲು, ಬುಷ್ ಬದಲಿಸಲು ಗೇರ್ ಬಾಕ್ಸ್ ಇಳಿಸಬೇಕಿಲ್ಲ.

ಎಣ್ಣೆಯ ವಿಷಯದಲ್ಲಿ ಅಂಗಡಿಯವರು ಕೊಟ್ಟದ್ದನ್ನು ಹಾಕಬೇಡಿ. ಎಂಜಿಬಿಯ ಗೇರ್ ಬಾಕ್ಸಿಗೆ ಕಂಪನಿ ಹೇಳಿದ್ದು ಗೇರ್ ಆಯಿಲನ್ನಲ್ಲ, 20ಡಬ್ಲ್ಯು-50 ಇಂಜಿನ್ ಆಯಿಲನ್ನು. ಸ್ಪಿಟ್‌ಫೈರ್‌ಗೆ 90 ನಂಬರಿನ ಗೇರ್ ಆಯಿಲ್ ಸರಿ, ಆದರೆ ಡಬ್ಬಿಯ ಮೇಲೆ ಜಿಎಲ್-4 ಎಂದಿರಲಿ. ಜಿಎಲ್-5 ಹಿಂದಿನ ಆಕ್ಸಲ್ಲಿಗೆ ಒಳ್ಳೆಯದು. ಅದರಲ್ಲಿರುವ ಗಂಧಕದ ರಾಸಾಯನಿಕ ಹಿತ್ತಾಳೆ, ಕಂಚಿನ ಭಾಗಗಳಿಗೆ ಹಾನಿ ಮಾಡಬಲ್ಲದು. ಮೇಲಾಗಿ ಅದರ ಜಾರುಗುಣ ಸಿಂಕ್ರೊ ಬಳೆಗೆ ಹಿಡಿಯಲು ಬಿಡುವುದಿಲ್ಲ. ಎಣ್ಣೆ ಇಳಿಸುವಾಗ ಅದರಲ್ಲಿ ಹಳದಿ ಮಿಂಚು ಕಂಡರೆ ಬಳೆಗಳು ಸವೆಯುತ್ತಿವೆ. ಕಬ್ಬಿಣದ ಚೂರು ಕಂಡರೆ ಓಡಿಸುವುದನ್ನು ನಿಲ್ಲಿಸಿ.

ಬಿಚ್ಚಲೇಬೇಕಾದಾಗ

ಒಮ್ಮೆ ಇಳಿಸಿದ ಮೇಲೆ ಅರ್ಧ ಕೆಲಸ ಮಾಡಿ ಮುಚ್ಚಬೇಡಿ. ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸುವುದು ವಾಡಿಕೆ, ಜೊತೆಗೆ ಸ್ಪಿಗಟ್ ಬುಷ್ ಮತ್ತು ಇಂಜಿನ್ನಿನ ಹಿಂದಿನ ಸೀಲ್. ಈ ಕೊನೆಯ ಎರಡರ ಬೆಲೆ ಕಡಿಮೆ, ಅವಕ್ಕಾಗಿ ಇನ್ನೊಮ್ಮೆ ಇಂಜಿನ್ ಇಳಿಸುವ ಕೂಲಿ ಕಡಿಮೆಯಲ್ಲ. ಫ್ಲೈವೀಲಿನ ಮುಖದಲ್ಲಿ ನೀಲಿ ಕಲೆ, ಬಿರುಕು, ತುಕ್ಕಿನ ಗುಳಿ ಇದ್ದರೆ ಲೇತಿಗೆ ಕೊಟ್ಟು ಮುಖ ತೆಗೆಸಿ. ಹಳೆಯ ಪ್ಲೇಟಿನ ಧೂಳನ್ನು ಏರ್ ಹೊಡೆದು ಹಾರಿಸಬೇಡಿ. ಆ ಕಾಲದ ಲೈನಿಂಗಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ.

ಭಾಗಗಳು ಇಂಗ್ಲೆಂಡಿನಿಂದ ಬರಬೇಕಾಗುವುದರಿಂದ ಆರ್ಡರ್ ಮಾಡುವ ಮುನ್ನ ಹಳೆಯ ಪ್ಲೇಟಿನ ವ್ಯಾಸ, ನಡುವಿನ ಹಲ್ಲುಗಳ ಸಂಖ್ಯೆ ಅಳೆದು ಬರೆದಿಟ್ಟುಕೊಳ್ಳಿ. ಅರವತ್ತು ವರ್ಷದಲ್ಲಿ ಯಾರು ಯಾವ ಕಾರಿನ ಯಾವ ಭಾಗ ತಂದು ಕೂರಿಸಿದ್ದಾರೋ ಹೇಳಲಾಗದು, ಮ್ಯಾನ್ಯುಯಲಿನಲ್ಲಿ ಇರುವುದೇ ನಿಮ್ಮ ಕಾರಿನಲ್ಲಿದೆ ಎಂಬ ಖಾತ್ರಿಯಿಲ್ಲ. 50 ವರ್ಷ ದಾಟಿದ ವಾಹನಗಳಿಗೆ 2021ರಲ್ಲಿ ಬಂದ ಕೇಂದ್ರದ ವಿಂಟೇಜ್ ನೋಂದಣಿ ನಿಯಮ ವಾಹನ ಮೂಲ ರೂಪದಲ್ಲಿರಬೇಕು, ಇಂಜಿನ್, ಚಾಸಿ, ಬಾಡಿಯಲ್ಲಿ ದೊಡ್ಡ ಬದಲಾವಣೆ ಆಗಿರಬಾರದು ಎನ್ನುತ್ತದೆ. ಕ್ಲಚ್ ಪ್ಲೇಟ್ ಬದಲಿಸುವುದು ಮಾಮೂಲಿ ರಿಪೇರಿ. ಬೇರೆ ಕಂಪನಿಯ ಇಂಜಿನ್ನನ್ನು ಗೇರ್ ಬಾಕ್ಸ್ ಸಮೇತ ಕೂರಿಸುವ ಯೋಚನೆ ಇದ್ದವರು ಮಾತ್ರ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ಹೊಸ ಕ್ಲಚ್ ಕೂತ ಮೇಲೆ ಮೊದಲ ಕೆಲವು ನೂರು ಕಿ.ಮೀ. ಜೋರು ಎಳೆತ, ಘಾಟಿ, ಹಾಫ್ ಕ್ಲಚ್ ಬೇಡ. ಲೈನಿಂಗ್ ಫ್ಲೈವೀಲಿನ ಮುಖಕ್ಕೆ ಹೊಂದಿಕೊಳ್ಳಲು ಅಷ್ಟು ಓಟ ಬೇಕು. ಆಮೇಲೆ ಸ್ಲೇವಿನ ಪುಶ್‌ರಾಡ್ ಎಷ್ಟು ಚಲಿಸುತ್ತದೆ ಎಂದು ಅಳೆದು, ತಾರೀಕಿನ ಸಮೇತ ಕಾರಿನ ಪುಸ್ತಕದಲ್ಲಿ ಬರೆದಿಡಿ. ಮುಂದೆ ಎಂದಾದರೂ ಗೇರ್ ಕಿರ್ರ್ ಎಂದಾಗ ಮೆಕ್ಯಾನಿಕ್ ಮೊದಲು ಕೇಳಬೇಕಾದ ಸಂಖ್ಯೆ ಅದು.